ಬೈಸಿಕಲ್ ವೀರರು

ಬೈಸಿಕಲ್ಲು ಬಡವರ ವಾಹನವೆಂದು ಹೆಸರಾದುದು. ಹಾಲು ಮಾರುವವನಿಗೂ ಅಂಚೆಯವನಿಗೂ ಶಾಲೆಗೆ ಹೊರಟ ಬಾಲಕನಿಗೂ ಅದು ಸಮಾನವಾಗಿ ಒದಗುತ್ತದೆ. ಆದರೆ ಏರುದಾರಿ ಬಂದಾಗ ಅಥವಾ ಎದುರುಗಾಳಿ ಬೀಸಿದಾಗ ಸ್ವಲ್ಪ ದೂರ ತುಳಿಯುವಷ್ಟರಲ್ಲಿಯೇ ತೊಡೆಗಳು ಸೋತು, ಉಸಿರು ಮೇಲಾಗುವುದನ್ನು ಅದನ್ನೇರಿದವರೆಲ್ಲರೂ ಬಲ್ಲರು. ಹೀಗಿರಲು, ಮೂರು ವಾರಗಳ ಕಾಲ ದಿನಕ್ಕೆ ಸರಾಸರಿ 160 ಕಿಲೋಮೀಟರುಗಳಂತೆ ಬಯಲನ್ನೂ ಪರ್ವತಗಳನ್ನೂ ದಾಟಿ ಸಾಗುವವರ ದೇಹವೆಂತಹುದು, ಮನಸ್ಸೆಂತಹುದು?

ಇಂತಹ ಸ್ಪರ್ಧೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಟೂರ್ ಡಿ ಫ್ರಾನ್ಸ್’. ‘ಲೋತೊ’ ಎಂಬ ಕ್ರೀಡಾಪತ್ರಿಕೆಯು ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳುವ ಸಲುವಾಗಿ 1903ರಲ್ಲಿ ಇದನ್ನು ಆರಂಭಿಸಿತು. ಆಗ ಇದ್ದುದು ಆರು ಹಂತಗಳು. ಒಟ್ಟು ದೂರ ಸುಮಾರು 2,400 ಕಿಲೋಮೀಟರು. ಪ್ಯಾರಿಸ್ಸಿನಿಂದ ಲಿಯೋನ್ ನಗರದವರೆಗಿನ ಮೊದಲ ಹಂತವೊಂದೇ 467 ಕಿಲೋಮೀಟರಿನಷ್ಟಿತ್ತು. ಧೂಳು ತುಂಬಿದ ದಾರಿಯಲ್ಲಿ, ರಾತ್ರಿಯ ಕತ್ತಲಿನಲ್ಲಿಯೂ ಸವಾರರು ತುಳಿಯಬೇಕಾಗಿತ್ತು. ಹೊರಟ 60 ಮಂದಿಯಲ್ಲಿ ಕೊನೆ ಮುಟ್ಟಿದವರು 21 ಮಂದಿ ಮಾತ್ರ. ಬಾಲ್ಯದಲ್ಲಿ ಹೊಗೆಗೂಡುಗಳನ್ನು ಗುಡಿಸಿ ಜೀವಿಸಿದ್ದ ಮಾರಿಸ್ ಗಾರಿನ್ ಎಂಬುವನು ಜಯಶಾಲಿಯಾದನು. ಇಂದು ಈ ಸ್ಪರ್ಧೆಯಲ್ಲಿ 21 ಹಂತಗಳಿವೆ. ದೂರ ಸುಮಾರು 3,400 ಕಿಲೋಮೀಟರು. ನಡುವೆ ವಿಶ್ರಾಂತಿಗೆಂದು ದೊರೆಯುವುದು ಎರಡು ದಿನಗಳು ಮಾತ್ರ.

ಇಷ್ಟೊಂದು ಶ್ರಮವನ್ನು ದೇಹವು ತಾಳಿಕೊಳ್ಳುವುದು ಹೇಗೆ? ವರ್ಷಗಳ ಅಭ್ಯಾಸದಿಂದ ಸವಾರನ ಹೃದಯವು ಬಲಿಷ್ಠವಾಗಿ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುವ ಶಕ್ತಿಯನ್ನು ಪಡೆಯುತ್ತದೆ. ಆದುದರಿಂದಲೇ ವಿಶ್ರಾಂತಿಯಲ್ಲಿರುವಾಗ ಸಾಮಾನ್ಯರ ಹೃದಯವು ನಿಮಿಷಕ್ಕೆ ಸುಮಾರು 70 ಬಾರಿ ಬಡಿದರೆ, ಇಂತಹವರಲ್ಲಿ ಅನೇಕರ ಹೃದಯವು 50ಕ್ಕೂ ಕಡಿಮೆ ಬಾರಿ ಬಡಿಯುತ್ತದೆ. ಪರ್ವತಗಳನ್ನೇರುವ ದಿನದಲ್ಲಿ ಒಬ್ಬ ಸವಾರನು 5,000ಕ್ಕೂ ಹೆಚ್ಚು ಕ್ಯಾಲೊರಿಗಳನ್ನು ವ್ಯಯಿಸುತ್ತಾನೆ. ಇದು ಸಾಮಾನ್ಯ ಮನುಷ್ಯನ ದಿನದ ಅಗತ್ಯದ ಎರಡರಷ್ಟಕ್ಕೂ ಮಿಗಿಲು. ಆದ್ದರಿಂದ ಅವನು ಬೈಸಿಕಲ್ಲಿನ ಮೇಲಿದ್ದುಕೊಂಡೇ ಉಣ್ಣಬೇಕು, ಕುಡಿಯಬೇಕು. ಹಸಿವಾಗುವವರೆಗೆ ಕಾದರೆ ಸ್ನಾಯುಗಳಲ್ಲಿ ಸಂಗ್ರಹವಾಗಿದ್ದ ಶಕ್ತಿಯು ಬರಿದಾಗಿ, ಕಾಲುಗಳು ಇದ್ದಕ್ಕಿದ್ದಂತೆ ನಿಸ್ತೇಜವಾಗುತ್ತವೆ.

ವೇಗವಾಗಿ ಸಾಗುವವನಿಗೆ ಗಾಳಿಯೇ ದೊಡ್ಡ ವೈರಿ. ಮುಂದಿರುವವನು ಗಾಳಿಯನ್ನು ಸೀಳಿದರೆ, ಅವನ ಬೆನ್ನಹಿಂದೆ ಇರುವವನಿಗೆ ಶ್ರಮದಲ್ಲಿ ಮೂರನೆಯ ಒಂದು ಭಾಗದಷ್ಟು ಉಳಿತಾಯವಾಗಬಲ್ಲುದು. ಈ ಕಾರಣದಿಂದ ಪ್ರತಿ ತಂಡದಲ್ಲಿಯೂ ನಾಯಕನಿಗಾಗಿ ಗಾಳಿಗೆ ಎದೆಯೊಡ್ಡುವ, ಅವನಿಗೆ ನೀರಿನ ಬಾಟಲಿಗಳನ್ನು ಹೊತ್ತು ತರುವ ಸವಾರರಿರುತ್ತಾರೆ. ಗೆಲುವಿನ ಹೂಮಾಲೆ ನಾಯಕನ ಕೊರಳಿಗೆ, ಬೆವರು ಎಲ್ಲರದು.

ದೇಹಬಲವೊಂದೇ ಈ ಕ್ರೀಡೆಗೆ ಸಾಲದು ಎಂಬುದಕ್ಕೆ ಯೂಜೀನ್ ಕ್ರಿಸ್ತೋಫನ ಕಥೆಯು ಉತ್ತಮ ನಿದರ್ಶನ. 1913ರ ಸ್ಪರ್ಧೆಯಲ್ಲಿ ಅವನು ಮುಂಚೂಣಿಯಲ್ಲಿದ್ದನು. ಪಿರೆನೀಸ್ ಶ್ರೇಣಿಯ ತೂರ್ಮಲೆ ಕಣಿವೆದಾರಿಯನ್ನು ಹತ್ತಿ ಇಳಿಯುತ್ತಿದ್ದಾಗ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಮುರಿಯಿತು. ಸವಾರನು ಇತರರ ನೆರವಿಲ್ಲದೆ ತಾನೇ ದುರಸ್ತಿ ಮಾಡಿಕೊಳ್ಳಬೇಕೆಂಬುದು ಅಂದಿನ ನಿಯಮ. ಕ್ರಿಸ್ತೋಫನು ಬೈಸಿಕಲ್ಲನ್ನು ಹೆಗಲಿಗೇರಿಸಿ, 10 ಕಿಲೋಮೀಟರಿಗೂ ಹೆಚ್ಚು ದೂರ ನಡೆದು, ಸೇಂತ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕಮ್ಮಾರನ ಕುಲುಮೆಯನ್ನು ಸೇರಿದನು. ಅಲ್ಲಿ ಅಧಿಕಾರಿಗಳ ಕಣ್ಣೆದುರಿನಲ್ಲಿ ಸ್ವತಃ ಕಬ್ಬಿಣವನ್ನು ಕಾಯಿಸಿ, ಬಡಿದು, ಬೆಸೆದನು. ಎರಡು ಕೈಗಳೂ ಕೆಲಸದಲ್ಲಿ ತೊಡಗಿದ್ದುದರಿಂದ ಒಬ್ಬ ಹುಡುಗನು ತಿದಿಯನ್ನೊತ್ತಿದನು. ಅದೂ ನೆರವೇ ಆಯಿತೆಂದು ಕ್ರಿಸ್ತೋಫನಿಗೆ ದಂಡ ವಿಧಿಸಲಾಯಿತು! ಹಲವು ಗಂಟೆಗಳನ್ನು ಕಳೆದುಕೊಂಡರೂ ಅವನು ಸ್ಪರ್ಧೆಯನ್ನು ಬಿಡಲಿಲ್ಲ. ಕೊನೆಗೆ ಏಳನೆಯವನಾಗಿ ಪ್ಯಾರಿಸ್ ತಲುಪಿದನು. 1919ರಲ್ಲಿ, ಸ್ಪರ್ಧೆಯ ಮುಂದಾಳುವಿನ ಗುರುತಾದ ಹಳದಿ ಅಂಗಿಯನ್ನು ಮೊತ್ತಮೊದಲು ತೊಟ್ಟವನೂ ಅವನೇ. ದುರದೃಷ್ಟವಶಾತ್, ಗೆಲುವು ಸಮೀಪಿಸಿದ್ದಾಗ ಮತ್ತೆ ಫೋರ್ಕು ಮುರಿದು, ಅವನು ಮೂರನೆಯ ಸ್ಥಾನಕ್ಕಿಳಿದನು. ಅವನು ಈ ಸ್ಪರ್ಧೆಯನ್ನು ಎಂದೂ ಗೆಲ್ಲಲಿಲ್ಲ. ಆದರೂ ಗೆದ್ದ ಅನೇಕರಿಗಿಂತ ಅವನ ಹೆಸರು ಹೆಚ್ಚು ಕಾಲ ಉಳಿದಿದೆ.

ಪ್ರಕೃತಿಯೂ ಸವಾರರನ್ನು ಪರೀಕ್ಷಿಸದೆ ಬಿಡುವುದಿಲ್ಲ. 1980ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ನಗರದಿಂದ ಬಾಸ್ತೋನ್‌ಗೆ ಹೋಗಿ ಮರಳುವ ಒಂದು ದಿನದ ಸ್ಪರ್ಧೆಯು ಹಿಮಪಾತದಲ್ಲಿ ನಡೆಯಿತು. ಹೊರಟವರು 174 ಮಂದಿ. ಮುಗಿಸಿದವರು 21 ಮಂದಿ. ಫ್ರಾನ್ಸಿನ ಬರ್ನಾರ್ ಇನೋ ಎಂಬುವನು ಎರಡನೆಯವನಿಗಿಂತ 9 ನಿಮಿಷಗಳಿಗೂ ಮುಂಚೆ ಗುರಿ ಮುಟ್ಟಿದನು. ಆದರೆ ಅಂದಿನ ಚಳಿಗೆ ಮರಗಟ್ಟಿದ ಅವನ ಎರಡು ಬೆರಳುಗಳು ಮತ್ತೆ ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ.

ಸಹನೆಗೂ ಒಂದು ಮೇರೆಯುಂಟು. ಆ ಮೇರೆಯನ್ನು ಮೋಸದಿಂದ ದಾಟಲೆಳಸಿದವರೂ ಈ ಕ್ರೀಡೆಯ ಚರಿತ್ರೆಯಲ್ಲಿದ್ದಾರೆ. 1967ರ ಜುಲೈ 13ರಂದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಸುಡುಬಿಸಿಲಿನಲ್ಲಿ ವಾಂತೂ ಪರ್ವತವನ್ನೇರುತ್ತಾ ಕುಸಿದು ಮೃತನಾದನು. ಅವನು ಉತ್ತೇಜಕ ಔಷಧವನ್ನು ಸೇವಿಸಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ದಣಿವೆಂಬುದು ದೇಹವು ನೀಡುವ ಎಚ್ಚರಿಕೆ. ಅಂತಹ ಔಷಧಗಳು ಆ ಎಚ್ಚರಿಕೆಯನ್ನೇ ಅಡಗಿಸಿಬಿಡುತ್ತವೆ. ಏಳು ಬಾರಿ ಗೆದ್ದನೆನಿಸಿಕೊಂಡಿದ್ದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನು ನಿಷಿದ್ಧ ಔಷಧಗಳನ್ನು ಬಳಸಿದ್ದನೆಂದು ರುಜುವಾತಾಗಿ, 2012ರಲ್ಲಿ ಆ ಏಳೂ ಬಿರುದುಗಳನ್ನು ಕಳೆದುಕೊಂಡನು. ನೋವನ್ನು ತಾಳುವುದು ಬೇರೆ, ನೋವನ್ನು ವಂಚಿಸುವುದು ಬೇರೆ. ಮೊದಲನೆಯದು ಶೌರ್ಯ, ಎರಡನೆಯದು ತನಗೂ ಇತರರಿಗೂ ಬಗೆಯುವ ದ್ರೋಹ.

ಈ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಮುಗಿಸುವವನನ್ನು ‘ಕೆಂಪು ಲಾಂದ್ರ’ ಎಂದು ಕರೆಯುತ್ತಾರೆ. ರೈಲಿನ ಕಡೆಯ ಗಾಡಿಗೆ ತೂಗುಹಾಕುತ್ತಿದ್ದ ಕೆಂಪು ದೀಪದಿಂದ ಬಂದ ಹೆಸರದು. ಜನರು ಅವನನ್ನು ಹಳಿಯುವುದಿಲ್ಲ, ಚಪ್ಪಾಳೆ ತಟ್ಟಿ ಹುರಿದುಂಬಿಸುತ್ತಾರೆ. 1903ರಲ್ಲಿ ಈ ಸ್ಥಾನ ಪಡೆದ ಆರ್ಸೆನ್ ಮಿಲೋಶೋ ಗಾರಿನ್ನನಿಗಿಂತ 64 ಗಂಟೆಗಳಿಗೂ ಹೆಚ್ಚು ಕಾಲ ಹಿಂದುಳಿದಿದ್ದನು. ಅಂದು ದಾರಿಯಲ್ಲಿಯೇ ಬಿಟ್ಟುಹೋದ 39 ಮಂದಿಯಲ್ಲಿ ಅವನಿಗಿಂತ ವೇಗಶಾಲಿಗಳು ಇದ್ದಿರಲೂಬಹುದು. ಆದರೆ ಹಿಡಿದ ದಾರಿಯನ್ನು ಕಡೆಯವರೆಗೆ ಸವೆಸಿದವನು ಮಿಲೋಶೋ.