ಮೊಸಳೆಗೆ ಆಡಿನ ಕೊಂಬು!

"ಹೊಳಿಗಿ ಇಳೀಬ್ಯಾಡಲೇ, ಮೊಸಳಿ ಐತಿ!" ಎಡೆದೊರೆ ನಾಡಿನ ಮಕ್ಕಳು ಈ ಗದರಿಕೆ ಕೇಳುತ್ತಲೇ ಬೆಳೆಯುತ್ತವೆ. ಅಲ್ಲಿನ ಮಟಮಾರಿ ಎಂಬ ಊರಿಗೆ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ಎರಡರಲ್ಲೂ ಮೊಸಳೆ. ಆದರೂ ಸಂಕ್ರಮಣ ಬಂತೆಂದರೆ ಮೈಗೆ ಎಳ್ಳು ಹಚ್ಚಿಕೊಂಡು, ಸಜ್ಜೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಜನ ಹೊಳೆಗೇ ನಡೆಯುತ್ತಾರೆ. ಯಾವ ಸಂಕ್ರಮಣ? ಮಕರ ಸಂಕ್ರಮಣ! ಮಕರವೆಂದರೆ ಮೊಸಳೆ. ಸೂರ್ಯ ಮೊಸಳೆಯ ಮನೆ ಹೊಕ್ಕ ದಿನವೇ ನಾವೂ ಮೊಸಳೆಯ ಮನೆಗಿಳಿಯುತ್ತೇವೆ!

ಇಷ್ಟಕ್ಕೇ ಬೆರಗಾಗಿ ಕೂತಿದ್ದೆ. ಆಮೇಲೆ 6ನೇ ಶತಮಾನದ ವರಾಹಮಿಹಿರನ ಜ್ಯೋತಿಷ ಗ್ರಂಥ ಬೃಹಜ್ಜಾತಕ ತೆರೆದೆ. ಅವನ ಮಕರಕ್ಕೆ ಜಿಂಕೆಯ ಮುಖ! ಮೊಸಳೆಗೆ ಆ ಮುಖ ಎಲ್ಲಿಂದ ಬಂತು? ಅದೇ ಅಧ್ಯಾಯದಲ್ಲಿ ರಾಶಿಗಳಿಗೆ ವಿಚಿತ್ರವಾದ ಎರಡನೆಯ ಹೆಸರುಗಳೂ ಇವೆ. ಮೇಷಕ್ಕೆ ಕ್ರಿಯ, ಮಕರಕ್ಕೆ ಆಕೋಕೇರ. ಆಕೋಕೇರ! ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ ನೋಡಿ. ಗ್ರೀಕರು ಈ ರಾಶಿಯನ್ನು ಕರೆದದ್ದು ಐಗೋಕೆರೋಸ್ ಎಂದು, ಅಂದರೆ ಆಡಿನ ಕೊಂಬುಳ್ಳದ್ದು. ನಮ್ಮ ಮೊಸಳೆಯ ಹೊಟ್ಟೆಯಲ್ಲಿ ಆಡು!

ಗ್ರೀಕರಿಗೆ ಅದು ಸಿಕ್ಕಿದ್ದು ಬ್ಯಾಬಿಲೋನಿನಿಂದ. ಅಲ್ಲಿಯ ಜೇಡಿಮಣ್ಣಿನ ಹಲಗೆಗಳಲ್ಲಿ ಇದರ ಹೆಸರು ಸುಹುರ್‌ಮಾಶ್. ಸುಮೇರಿಯನ್ ಮಾತಿನಲ್ಲಿ ಸುಹುರ್ ಒಂದು ಮೀನು, ಮಾಶ್ ಅಂದರೆ ಆಡು. ಮುಂದಿನರ್ಧ ಆಡು, ಹಿಂದಿನರ್ಧ ಮೀನು; ಸಿಹಿನೀರಿನ ದೇವರು ಏಆನ ಲಾಂಛನ.

ಈ ನೀರಾಡು ನಮ್ಮಲ್ಲಿಗೆ ಬಂದಾಗ ಅದಕ್ಕೆ ಜೋಡಿಯಾಗುವ ಪ್ರಾಣಿ ಇಲ್ಲಿ ಆಗಲೇ ಇತ್ತು. ವರುಣನನ್ನೂ ಗಂಗೆಯನ್ನೂ ಹೊತ್ತ, ಮನ್ಮಥನ ಬಾವುಟದ ಮಕರ. 1258ರ ಸೋಮನಾಥಪುರದ ಗುಡಿಯ ಗೋಡೆಗೆ ಹೋಗಿ ನೋಡಿ: ಸೊಂಡಿಲು ಆನೆಯದು, ದವಡೆ ಮೊಸಳೆಯದು, ಬಾಲ ನವಿಲಿನ ಗರಿಯಂತೆ ಸುರುಳಿ ಸುರುಳಿ. ಮೊದಲೇ ಇಷ್ಟು ಕಲಬೆರಕೆಯಾದ ಮೃಗಕ್ಕೆ ಇನ್ನೊಂದು ಮುಖ ಅಂಟಿಸಿದರೆ ಯಾರು ಕೇಳುತ್ತಾರೆ? ಇದು ನನ್ನ ಊಹೆ, ಆದರೆ ಬಿಟ್ಟುಕೊಡಲಾರೆ. ಇನ್ನು ಹೆಸರಿನ ಮಾತಿಗೆ ಬಂದರೆ, ಹಿಂದಿಯ ಮಗರ್, ಇಂಗ್ಲಿಷರ ಮಗ್ಗರ್ ಎಲ್ಲ ಇದೇ ಮಕರದ ಮರಿಗಳು. ನಮ್ಮ ಮೊಸಳೆ ಮಾತ್ರ ಬೇರೆ ಬಳಗದ್ದು. ತೆಲುಗಿನ ಮೊಸಲಿ, ತಮಿಳಿನ ಮುದಲೈ ಅದರ ಒಡಹುಟ್ಟು.

ಮೊನ್ನೆ ತುಂಗಭದ್ರೆಯ ದಂಡೆಯಲ್ಲಿ ಒಂದು ಆಡು ಮುಂಗಾಲೂರಿ ನೀರಿಗೆ ಮೂತಿ ಇಟ್ಟಿತ್ತು. ಕೊಂಬು, ಗಡ್ಡ, ಅದರ ಕೆಳಗೆ ಅಲುಗುವ ನೀರು. ನಾನು ಕಣ್ಣು ಕೀಳದೆ ನಿಂತಿದ್ದೆ. ಆಡು ಕಾಯುವ ಹುಡುಗ ಕೋಲು ಬೀಸುತ್ತ ಓಡಿ ಬಂದ:

"ಹಿಂದಕ ಸರಿ, ಮೊಸಳಿ ಐತಿ!"