ಉಸಿರಿನ ಬೇನೆ, ತೊಡೆಯ ಸೊರಗು

ಹಲವು ವರ್ಷ ಬೀಡಿ ಸಿಗರೇಟು ಸೇದಿದವರ ಶ್ವಾಸನಾಳಗಳು ಕಿರಿದಾಗುವುದನ್ನು ಎಲ್ಲರೂ ಬಲ್ಲರು. ಆದರೆ ಕಲಕತ್ತೆಯಲ್ಲಿ 1984ರಲ್ಲಿ ಆರಂಭವಾದ ಮೆಟ್ರೋ ರೈಲಿನ ನಿಲ್ದಾಣದ ಮೆಟ್ಟಿಲಿನ ನಡುವೆ ನಿಂತುಬಿಡುವ ಇಂಥ ರೋಗಿಯನ್ನು ತಡೆಯುವುದು ಎಷ್ಟೋ ವೇಳೆ ಉಸಿರಿಗಿಂತ ತೊಡೆಯ ಸ್ನಾಯುವೇ. ಉಸಿರಾಟದ ಶ್ರಮಕ್ಕೇ ಶಕ್ತಿ ವ್ಯಯವಾಗುತ್ತದೆ. ಉಣ್ಣುವಾಗಲೂ ಏದುಸಿರು ಬರುವುದರಿಂದ ಊಟ ಕುಗ್ಗುತ್ತದೆ. ದೇಹವ್ಯಾಪಿಯಾದ ಉರಿಯೂತವೂ, ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಮಾತ್ರೆಗಳೂ ಸ್ನಾಯುವನ್ನು ಕರಗಿಸುತ್ತವೆ. ಏದುಸಿರಿಗೆ ಅಂಜಿ ಕುಳಿತಷ್ಟೂ ಕಾಲು ಸೊರಗುತ್ತದೆ. ಸೊರಗಿದ ಕಾಲು ಅಲ್ಪ ನಡಿಗೆಗೇ ಲ್ಯಾಕ್ಟಿಕ್ ಆಮ್ಲವನ್ನು ಹೊರಗೆಡವಿ ಏದುಸಿರನ್ನು ಇಮ್ಮಡಿಸುತ್ತದೆ. ತಕ್ಕಡಿಯನ್ನು ನಂಬುವಂತಿಲ್ಲ, ಸ್ನಾಯು ಕರಗಿದೆಡೆ ಕೊಬ್ಬು ತುಂಬಿದ್ದರೆ ತೂಕ ಇಳಿಯದು. ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡಲಾಗದು, ತೊಡೆಯ ಬಲವನ್ನಾದರೋ ಮರಳಿ ಗಳಿಸಬಹುದು. ಹೊಗೆಯನ್ನು ತ್ಯಜಿಸಿ, ಬಂಗಾಳದ ಊಟಕ್ಕೆ ಸಹಜವಾದ ಮೀನು, ಬೇಳೆಗಳನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಉಂಡು, ವೈದ್ಯರ ಮೇಲ್ವಿಚಾರಣೆಯಲ್ಲಿ 6ರಿಂದ 12 ವಾರ ನಡಿಗೆಯನ್ನೂ ಕಾಲಿನ ವ್ಯಾಯಾಮವನ್ನೂ ಅಭ್ಯಸಿಸುವುದೇ ಅದರ ಕ್ರಮ.