ಎರಡು ಅಡ್ಡಗೆರೆಗಳ ಹೊಸ್ತಿಲು

ಜಾವಾಸ್ಕ್ರಿಪ್ಟಿನಲ್ಲಿ ಕ್ರಮವಿಧಿಗಳನ್ನು ರಚಿಸುವವರು, ಬರೆದ ಕಡತಗಳನ್ನೆಲ್ಲ ಒಟ್ಟುಗೂಡಿಸಿ ಬಳಕೆಗೆ ಸಿದ್ಧಗೊಳಿಸುವ ‘ಬಿಲ್ಡ್’ ಎಂಬ ಕಾರ್ಯದ ದೀರ್ಘವಾದ ಆಜ್ಞೆಯನ್ನು ಪ್ರತಿಸಲವೂ ಬೆರಳಚ್ಚಿಸುವ ಶ್ರಮವನ್ನು ತಪ್ಪಿಸಲೋಸುಗ, ಅದನ್ನು ಪ್ಯಾಕೇಜ್ ಡಾಟ್ ಜೇಸನ್ ಎಂಬ ಕಡತದಲ್ಲಿ ಒಂದು ಕಿರುನಾಮದಡಿ ಬರೆದಿಟ್ಟು, ‘ಎನ್‌ಪಿಎಂ ರನ್ ಬಿಲ್ಡ್’ ಎಂದಷ್ಟೇ ಹೇಳಿ ನಡೆಸುವುದುಂಟು. ಆದರೆ ಇಂದಿನ ಮಟ್ಟಿಗೆ ‘--ವಾಚ್’ ಎಂಬ ಸೂಚನೆಯೊಂದನ್ನು, ಅಂದರೆ ಕಡತ ಬದಲಾದೊಡನೆ ಮತ್ತೆ ಕೆಲಸ ನಡೆಸೆಂಬ ನಿರೂಪವನ್ನು, ಆ ಆಜ್ಞೆಗೆ ತಲಪಿಸಬೇಕೆಂದಾಗ ತೊಡಕು ತಲೆದೋರುತ್ತದೆ. ಏಕೆಂದರೆ ನಡುವೆ ನಿಂತು ಆಜ್ಞೆಯನ್ನು ನಡೆಸುವ ಸಾಧನವಾದ ಎನ್‌ಪಿಎಂ ಅದನ್ನು ತನಗೇ ಹೇಳಿದ ಮಾತೆಂದು ಭಾವಿಸಿ ತಡೆಹಿಡಿಯುತ್ತದೆ.

2014ರಲ್ಲಿ ಹೊರಬಂದ ಎನ್‌ಪಿಎಂನ ಎರಡನೆಯ ಆವೃತ್ತಿಯು ಇದಕ್ಕೆ ಪರಿಹಾರವನ್ನು ತಂದಿತು: ‘ಎನ್‌ಪಿಎಂ ರನ್ ಬಿಲ್ಡ್ -- --ವಾಚ್’. ನಡುವಣ ಆ ಬರಿಯ ಎರಡು ಗೆರೆಗಳು ಯೂನಿಕ್ಸ್ ಪರಂಪರೆಯ ಹಳೆಯ ಸಂಕೇತ. ಅವುಗಳಿಂದಾಚೆಗಿನದೆಲ್ಲವೂ ಯಥಾವತ್ತಾಗಿ ಆಜ್ಞೆಯ ಕೊನೆಗೆ ಸೇರುತ್ತದೆ. ಆದುದರಿಂದಲೇ ಒಂದೇ ಹೆಸರಿನಡಿ ಎರಡು ಆಜ್ಞೆಗಳನ್ನು ಒಂದರ ಬಳಿಕ ಒಂದರಂತೆ ಪೋಣಿಸಿದ್ದಲ್ಲಿ ಕಡೆಯದಕ್ಕೆ ಮಾತ್ರ ಅದು ದೊರೆಯುವುದು. ಇದನ್ನರಿಯದೆ ನಾನು ಒಂದು ಸಂಜೆಯನ್ನೇ ಕಳೆದುದುಂಟು.

ಸ್ವೀಕರಿಸುವ ಕಡತ ನಮ್ಮದೇ ಆಗಿದ್ದರೆ, ಜಾವಾಸ್ಕ್ರಿಪ್ಟನ್ನು ನಡೆಸುವ ನೋಡ್ ಆ ಸೂಚನೆಯನ್ನು ‘ಪ್ರೊಸೆಸ್ ಡಾಟ್ ಆರ್ಗ್‌ವಿ’ ಎಂಬ ಪಟ್ಟಿಯಲ್ಲಿಡುತ್ತದೆ. ಮೊದಲೆರಡು ಸ್ಥಾನಗಳು ನೋಡಿನ ಮತ್ತು ಕಡತದ ವಿಳಾಸಗಳಿಗೆ ಮೀಸಲಾದುದರಿಂದ, ನಮ್ಮ ಮಾತು ಮೂರನೆಯದರಿಂದ ಮೊದಲಾಗುತ್ತದೆ.